ಸೆರೆಂಗೆಟಿಯ ವೈಲ್ಡ್‌ಬೀಸ್ಟ್ 13 ಲಕ್ಷವೋ, 6 ಲಕ್ಷಕ್ಕೂ ಕಮ್ಮಿಯೋ? ಎಣಿಸೋದು ಹೇಗೆ ಅಂತ ಬಲ್ಲವರು ಹೇಳಿ

ಹುಲ್ಲುಬಯಲು
ತಾಂಜಾನಿಯಾ, ಕೀನ್ಯಾ ನಡುವಿನ ಸೆರೆಂಗೆಟಿ–ಮಾರಾ ಬಯಲಲ್ಲಿ ವಲಸೆ ಹೋಗುವ ವೈಲ್ಡ್‌ಬೀಸ್ಟ್ (ಹುಲ್ಲೆ ಜಾತಿಯ ದೊಡ್ಡ ಪ್ರಾಣಿ) ಎಷ್ಟು ಅಂದರೆ ಎಲ್ಲರೂ 13 ಲಕ್ಷ ಅಂತಾರೆ. 1970ರ ದಶಕದ ಕೊನೆಯಿಂದ ಸುಮಾರಾಗಿ ಇದೇ ಸಂಖ್ಯೆ ಕೇಳಿಬರ್ತಿದೆ. 2022 ಮತ್ತು 2023ರ ಉಪಗ್ರಹ ಚಿತ್ರಗಳನ್ನು ಕಂಪ್ಯೂಟರ್‌ನಿಂದ ಎಣಿಸಿ 2025ರಲ್ಲಿ ಪ್ರಕಟಿಸಿದವರ ಲೆಕ್ಕ ಮಾತ್ರ 6 ಲಕ್ಷವನ್ನೂ ಮುಟ್ಟಿಲ್ಲ. ಅರ್ಧಕ್ಕರ್ಧ ಪ್ರಾಣಿ ಎಲ್ಲಿ ಹೋದವು? ಹಳೇ ಲೆಕ್ಕ ಸುಳ್ಳೋ, ಹೊಸದು ಸುಳ್ಳೋ? ಅಷ್ಟು ದೊಡ್ಡ ಮಂದೆಯನ್ನ ವಿಮಾನದಿಂದ ಎಣಿಸೋದು ಹೇಗೆ ಅನ್ನೋದನ್ನೂ ಯಾರಾದರೂ ಬಿಡಿಸಿ ಹೇಳಿ.

ರೆಕ್ಕೆಪಟ್ಟಿ
ಎರಡೂ ಒಂದೇ ತಕ್ಕಡಿಯ ತೂಕ ಅಲ್ಲ. 13 ಲಕ್ಷ ಅನ್ನೋದು ಒಂದೊಂದಾಗಿ ಎಣಿಸಿದ್ದಲ್ಲ, ಸ್ವಲ್ಪ ಜಾಗ ನೋಡಿ ಇಡೀ ಬಯಲಿಗೆ ಹಿಗ್ಗಿಸಿದ್ದು. ಉಪಗ್ರಹದ್ದು ಕಣ್ಣಿಗೆ ಬಿದ್ದಷ್ಟರ ಎಣಿಕೆ.

ವಿಮಾನದ ಕ್ರಮ ಹೀಗಿದೆ. ಜನವರಿಯಿಂದ ಮಾರ್ಚ್‌ವರೆಗೆ ಮಂದೆ ದಕ್ಷಿಣದ ಗಿಡ್ಡ ಹುಲ್ಲಿನ ಬಯಲಲ್ಲಿ, ಎನ್‌ಡುಟು ಸುತ್ತಮುತ್ತ ಇರುತ್ತೆ. ಮರ ಇಲ್ಲ, ಮರೆ ಇಲ್ಲ. ಮೊದಲು ಒಂದು ಸುತ್ತು ಎತ್ತರದಲ್ಲಿ ಹಾರಿ ಮಂದೆ ಎಲ್ಲಿಂದ ಎಲ್ಲಿವರೆಗೆ ಹರಡಿದೆ ಅಂತ ಗಡಿ ಗುರುತಿಸ್ತಾರೆ. ಆ ಗಡಿಯೊಳಗೆ ಸಮಾನಾಂತರ ಗೆರೆ ಎಳೆದು, ವಿಮಾನದ ಹೊಟ್ಟೆಯಲ್ಲಿ ನೇರ ಕೆಳಕ್ಕೆ ನೋಡೋ ಕ್ಯಾಮೆರಾ ಕಟ್ಟಿ, ಇಂತಿಷ್ಟು ದೂರಕ್ಕೊಂದು ಅಂತ ಫೋಟೋ ತೆಗೀತಾ ಹೋಗಬೇಕು. ಕೆಳಗೆ ಪ್ರಾಣಿ ಇರಲಿ, ಇಲ್ಲದೇ ಹೋಗಲಿ. ಮಂದೆ ಕಂಡಾಗ ಬಟನ್ ಒತ್ತಿ ಖಾಲಿ ಬಯಲು ಬಂದಾಗ ಸುಮ್ಮನಿದ್ದರೆ ಅವತ್ತಿನ ಪೆಟ್ರೋಲ್ ದಂಡ.

ಒಂದು ಫೋಟೋದಲ್ಲಿ ಎಷ್ಟು ನೆಲ ಸಿಗುತ್ತೆ? 36×24 ಮಿ.ಮೀ. ಸೆನ್ಸರ್, 50 ಮಿ.ಮೀ. ಲೆನ್ಸ್, 300 ಮೀಟರ್ ಎತ್ತರ ಅಂದುಕೊಳ್ಳಿ. 36/50×300 = 216 ಮೀ., 24/50×300 = 144 ಮೀ. ಅಂದರೆ ಸುಮಾರು 3.1 ಹೆಕ್ಟೇರ್. ಎಲ್ಲ ಫೋಟೋಗಳ ಪ್ರಾಣಿ ಕೂಡಿಸಿ, ಎಲ್ಲ ಫೋಟೋಗಳ ನೆಲದಿಂದ ಭಾಗಿಸಿ, ಗಡಿಯೊಳಗಿನ ಒಟ್ಟು ವಿಸ್ತೀರ್ಣದಿಂದ ಗುಣಿಸಿ. ಮುಗೀತು.

ಧಾರವಾಡದ ಗಾಳಿ
ಮುಗೀತು ಅಂತ ಎಷ್ಟ್ ಹಗುರಾಗಿ ಹೇಳಿದ್ರಿ! 300 ಮೀಟರ್ ಅಂದ್ಕೊಂಡಾಗ ವಿಮಾನ 330ರಾಗ ಇತ್ತಂದ್ರ ಏನ್ ಮಾಡ್ತೀರಿ?

ರೆಕ್ಕೆಪಟ್ಟಿ
@ಧಾರವಾಡದ ಗಾಳಿ ಸರಿಯಾದ ಜಾಗಕ್ಕೆ ಕೈ ಹಾಕಿದ್ರಿ. ಎತ್ತರ 10% ತಪ್ಪಿದರೆ ನೆಲ 21% ತಪ್ಪುತ್ತೆ, ಉದ್ದ ಅಗಲ ಎರಡೂ ಹಿಗ್ಗೋದರಿಂದ. ದೊಡ್ಡ ನೆಲದ ಪ್ರಾಣಿಗಳನ್ನ ಸಣ್ಣ ನೆಲದವು ಅಂತ ಬರಕೊಂಡ ಹಾಗಾಯ್ತು, 10 ಲಕ್ಷದ ಮಂದೆ ಕಾಗದದಲ್ಲಿ 12 ಲಕ್ಷದ ಮೇಲಾಗುತ್ತೆ. ವಿಮಾನದ ಮಾಮೂಲಿ ಆಲ್ಟಿಮೀಟರ್ ಗಾಳಿಯ ಒತ್ತಡ ನೋಡಿ ಸಮುದ್ರಮಟ್ಟದಿಂದ ಎತ್ತರ ಹೇಳುತ್ತೆ, ನೆಲದಿಂದ ಅಲ್ಲ. ಅಲ್ಲಿನ ನೆಲವೂ ಚಪ್ಪಟೆ ಏನಲ್ಲ, ಏರಿಳಿತ ಇದೆ. ಅದಕ್ಕೇ ರೇಡಾರ್ ಅಥವಾ ಲೇಸರ್ ಆಲ್ಟಿಮೀಟರ್ ಬೇಕು, ಪ್ರತಿ ಫೋಟೋ ಜೊತೆ ಎತ್ತರ ದಾಖಲಾಗಬೇಕು. ಕೊನೆಗೆ ಸರಾಸರಿ ಹಾಕೋದಲ್ಲ, ಫೋಟೋ ಫೋಟೋಗೂ ಬೇರೆ ಬೇರೆ ನೆಲ ಲೆಕ್ಕ ಹಾಕಬೇಕು.

ಲೆಕ್ಕಣ್ಣ
ಎತ್ತರದ ತಪ್ಪು ಸರಿ ಮಾಡಬಹುದು. ನಿಜವಾದ ತಲೆನೋವು ಗುಂಪುಗಟ್ಟೋದು. ನೂರು ಫೋಟೋದಲ್ಲಿ ಎಂಬತ್ತು ಖಾಲಿ, ಹದಿನೈದರಲ್ಲಿ ಹತ್ತಿಪ್ಪತ್ತು, ಐದರಲ್ಲಿ ಮುನ್ನೂರು ನಾನೂರು ಅಂತಾದರೆ ಇಡೀ ಉತ್ತರ ಆ ಐದು ಫೋಟೋ ಮೇಲೆ ನಿಂತಿರುತ್ತೆ. ಗೆರೆ ಅರ್ಧ ಕಿಲೋಮೀಟರ್ ಆಚೆ ಬಿದ್ದಿದ್ದರೆ ಬೇರೆಯೇ ಉತ್ತರ. ಹಾಗಾಗಿ "13 ಲಕ್ಷ" ಅಂತ ಒಂಟಿ ಸಂಖ್ಯೆ ಹೇಳೋರನ್ನ ನಾನಂತೂ ನಂಬಲ್ಲ. ಪ್ಲಸ್ ಮೈನಸ್ ಎಷ್ಟು? ಪತ್ರಿಕೆಯವರು ಮೊದಲು ಕತ್ತರಿಸೋದೇ ಅದನ್ನ.

ಇದಕ್ಕಿರೋ ಮದ್ದು ಬಯಲನ್ನು ಹೋಳು ಮಾಡೋದು. ದಟ್ಟ ಮಂದೆ ಇರೋ ಕಡೆ ಗೆರೆ ಹತ್ತಿರ ಹತ್ತಿರ, ವಿರಳ ಇರೋ ಕಡೆ ದೂರ ದೂರ. ಆದರೆ ಹೋಳು ಮಾಡಿದ ದಿನವೇ, ಹೆಚ್ಚೆಂದರೆ ಮಾರನೇ ದಿನ ಹಾರಿ ಮುಗಿಸಬೇಕು. ಒಂದು ಮಳೆ ಬಿದ್ದರೆ ಮಂದೆ ರಾತ್ರೋರಾತ್ರಿ ಜಾಗ ಬದಲಿಸಿ ನಿಮ್ಮ ಹೋಳುಗಳನ್ನ ಅಣಕಿಸುತ್ತೆ.

ಕರಾವಳಿ ಕಾಗೆ
ಮಾರಾಯ್ರೇ, ಮೊದಲು ಎಣಿಸಿದ ಜರ್ಮನ್ ಅಪ್ಪ ಮಗ ಇದೆಲ್ಲ ಏನೂ ಇಲ್ಲದೆ ಎಣಿಸಿದ್ರಲ್ಲ?

ಕಿರುಬ
ಬರ್ನ್‌ಹಾರ್ಡ್ ಮತ್ತು ಮಿಖಾಯೆಲ್ ಗ್ಸಿಮೆಕ್. 1958ರಲ್ಲಿ ಜೀಬ್ರಾ ಪಟ್ಟೆ ಬಳಿದ ಡೋರ್ನಿಯರ್ ಡಿಒ 27 ವಿಮಾನದಿಂದ ಎಣಿಸಿ 99,481 ವೈಲ್ಡ್‌ಬೀಸ್ಟ್ ಅಂದರು. ಕೊನೆಯ 1 ನೋಡಿ ಅದೆಷ್ಟು ನಿಖರ ಅಂತ ಮರುಳಾಗಬೇಡಿ, ಹಾರುತ್ತಾ ಕಣ್ಣಳತೆಯಲ್ಲಿ ಕೂಡಿಸಿದ್ದು ಅದು. 1961ರಲ್ಲಿ ಫೋಟೋ ತೆಗೆದು ಎಣಿಸಿದಾಗ 2.2 ಲಕ್ಷದಷ್ಟು ಬಂತು. ಮೂರು ವರ್ಷದಲ್ಲಿ ಮಂದೆ ದುಪ್ಪಟ್ಟಾಗಲ್ಲ, ವ್ಯತ್ಯಾಸದ ಬಹುಪಾಲು ಎಣಿಸೋ ಕ್ರಮದ್ದು. 1959ರ ಜನವರಿಯಲ್ಲಿ ರಣಹದ್ದು ಬಡಿದು ವಿಮಾನ ಬಿದ್ದು ಮಿಖಾಯೆಲ್ ತೀರಿಕೊಂಡರು. ಸಮಾಧಿ ಎನ್‌ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚಿನಲ್ಲಿದೆ.

ಹುಲ್ಲುಬಯಲು
ಸರಿ, 1961ರಲ್ಲಿ 2.2 ಲಕ್ಷ. 1977ಕ್ಕೆ 13 ಲಕ್ಷ ಹೇಗಾಯ್ತು? ಅದೂ ಕ್ರಮದ್ದೇ ವ್ಯತ್ಯಾಸನಾ?

ಕಿರುಬ
ಅಲ್ಲ, ಅದು ನಿಜವಾದ ಏರಿಕೆ. ರಿಂಡರ್‌ಪೆಸ್ಟ್, ನಮ್ಮ ಕಡೆ ದನಗಳಿಗೆ ಬರ್ತಿದ್ದ ದೊಡ್ಡರೋಗ ಅಂತಾರಲ್ಲ ಅದು, 1890ರ ದಶಕದಲ್ಲಿ ಪೂರ್ವ ಆಫ್ರಿಕಾಕ್ಕೆ ಕಾಲಿಟ್ಟಿತ್ತು. ವೈಲ್ಡ್‌ಬೀಸ್ಟ್ ಕರುಗಳು ಮೊದಲ ವರ್ಷದಲ್ಲೇ ಸಾಯ್ತಿದ್ದವು. ಸುತ್ತಲಿನ ಹಳ್ಳಿಗಳ ದನಕ್ಕೆ ಲಸಿಕೆ ಹಾಕ್ತಾ ಬಂದಂತೆ 1963ರ ಹೊತ್ತಿಗೆ ಕಾಡಿನ ಮಂದೆಯಲ್ಲೂ ರೋಗ ನಿಂತಿತು. ಒಂದು ವೈಲ್ಡ್‌ಬೀಸ್ಟ್‌ಗೂ ಸೂಜಿ ಚುಚ್ಚಿಲ್ಲ ಅನ್ನೋದು ಸ್ವಾರಸ್ಯ. 1977ರ ಸುಮಾರಿಗೆ ಏರಿಕೆ ನಿಂತಿತು, ಯಾಕಂದ್ರೆ ಒಣಗಾಲದ ಹುಲ್ಲು ಅಷ್ಟಕ್ಕೇ ಸಾಕಾಗೋದು. 1993ರ ಬರದಲ್ಲಿ 10 ಲಕ್ಷದ ಕೆಳಗೂ ಇಳಿದಿತ್ತು.

ಸುಮ್ನೆ ಓದೋನು
ವೈಲ್ಡ್‌ಬೀಸ್ಟ್‌ಗೆ ಕನ್ನಡದಲ್ಲಿ ಏನಂತಾರೆ?

ಕರಾವಳಿ ಕಾಗೆ
ಕಾಡುದನ ಅನ್ನಿ, ಜಗಳ ಶುರುವಾಗಲಿ.

ಧಾರವಾಡದ ಗಾಳಿ
ದನ ಅಲ್ರೀ ಅದು, ಹುಲ್ಲೆ ಜಾತಿ. ಸ್ವಾಹಿಲಿಯೊಳಗ ನ್ಯುಂಬು ಅಂತಾರ. ಹೇಸರಗತ್ತಿಗೂ ಅದ ಶಬ್ದ. ಮಾರಿ ನೋಡಿ ಹೆಸರಿಟ್ಟಾರ.

ರೆಕ್ಕೆಪಟ್ಟಿ
ವಿಷಯಕ್ಕೆ ಬರೋಣ. ಮೇಲೆ ಹೇಳಿದ್ದು ವೈಲ್ಡ್‌ಬೀಸ್ಟ್‌ಗೆ ಮಾತ್ರ. ಟೋಪಿ, ಇಂಪಾಲ (ಎರಡೂ ಹುಲ್ಲೆಗಳೇ), ಜಿರಾಫೆ, ಕಾಡುಹಂದಿಗಳಿಗೆ ಪಟ್ಟಿ ವಿಧಾನ. ಸೆಸ್ನಾ 182 ಅಥವಾ 206, ರೆಕ್ಕೆ ಮೇಲಿರೋ ವಿಮಾನವೇ ಆಗಬೇಕು, ಇಲ್ಲಾಂದ್ರೆ ಕೆಳಗೆ ಕಾಣಲ್ಲ. ಮುಂದೆ ಪೈಲಟ್, ಪಕ್ಕದಲ್ಲಿ ಎತ್ತರ, ಸಮಯ, ಗೆರೆ ನಂಬರ್ ಬರಕೊಳ್ಳೋರು, ಹಿಂದೆ ಎಡಕ್ಕೊಬ್ಬ ಬಲಕ್ಕೊಬ್ಬ ನೋಡೋರು. ನೆಲದಿಂದ 300–350 ಅಡಿ, ಗಂಟೆಗೆ 160–180 ಕಿ.ಮೀ.

ರೆಕ್ಕೆಯ ಆಧಾರ ಕಂಬಿಗೆ ಎರಡು ಕಡ್ಡಿ ಕಟ್ಟಿರ್ತಾರೆ, ಕಿಟಕಿ ಗಾಜಿಗೆ ಟೇಪ್ ಅಂಟಿಸಿರ್ತಾರೆ. ಟೇಪ್ ಮತ್ತು ಕಡ್ಡಿ ಒಂದೇ ನೇರಕ್ಕೆ ಬರೋ ಹಾಗೆ ತಲೆ ಇಟ್ಟುಕೊಂಡರೆ ಎರಡು ಕಡ್ಡಿ ನಡುವೆ ಕಾಣೋ ನೆಲ ಸುಮಾರು 150 ಮೀಟರ್ ಅಗಲದ ಪಟ್ಟಿ. ಅದರೊಳಗಿನದು ಮಾತ್ರ ಲೆಕ್ಕಕ್ಕೆ. ಪಟ್ಟಿಯಿಂದ ಹತ್ತು ಮೀಟರ್ ಆಚೆ ಭರ್ಜರಿ ಜಿರಾಫೆ ಹಿಂಡು ನಿಂತಿದ್ದರೂ ಬಾಯಿ ಮುಚ್ಕೊಂಡು ಕೂರಬೇಕು. ಹೊಸಬರು ಎಡವೋದು ಇಲ್ಲೇ, ಆಸೆಗೆ ಬಿದ್ದು ಸೇರಿಸಿಬಿಡ್ತಾರೆ.

ಅಗಲ ನಿಜಕ್ಕೂ 150 ಹೌದಾ ಅಂತ ಪರೀಕ್ಷೆ ಮಾಡದೆ ಗಣತಿ ಶುರು ಮಾಡೋ ಹಾಗಿಲ್ಲ. ಏರ್‌ಸ್ಟ್ರಿಪ್ ಉದ್ದಕ್ಕೆ 10 ಅಥವಾ 20 ಮೀಟರ್‌ಗೊಂದು ಸುಣ್ಣ ಬಳಿದ ಕಲ್ಲೋ ಟೈರೋ ಇಟ್ಟು, ಅದಕ್ಕೆ ಅಡ್ಡಲಾಗಿ ಬೇರೆ ಬೇರೆ ಎತ್ತರದಲ್ಲಿ ಇಪ್ಪತ್ತು ಸಲವಾದರೂ ಹಾರಬೇಕು. ಕಡ್ಡಿಗಳ ನಡುವೆ ಎಷ್ಟು ಕಲ್ಲು ಕಂಡವು ಅಂತ ನೋಡೋರು ಹೇಳ್ತಾರೆ. ಎತ್ತರಕ್ಕೆ ತಕ್ಕ ಅಗಲದ ಕೋಷ್ಟಕ ಅದರಿಂದ ಸಿಗುತ್ತೆ. ನೋಡೋರು ಬದಲಾದರೆ ಮತ್ತೆ ಮೊದಲಿಂದ, ಯಾಕಂದ್ರೆ ಕೂತಾಗ ಕಣ್ಣಿನ ಎತ್ತರ ಒಬ್ಬೊಬ್ಬರದು ಒಂದೊಂದು.

ಲೆಕ್ಕಣ್ಣ
ಇದಕ್ಕೆ ಒಂದು ಸೇರಿಸ್ತೀನಿ. ವಿಮಾನ ವಾಲಿದರೆ ಒಂದು ಕಡೆ ಹಿಗ್ಗಿದ್ದು ಇನ್ನೊಂದು ಕಡೆ ಕುಗ್ಗುತ್ತೆ, ಸರಿಹೋಗುತ್ತೆ ಅಂತ ತುಂಬ ಜನ ಅಂದ್ಕೋತಾರೆ. ಸರಿಹೋಗಲ್ಲ. 107 ಮೀಟರ್ ಎತ್ತರ, ಪಟ್ಟಿ 100 ಮೀ.ನಿಂದ 250 ಮೀ.ವರೆಗೆ ಅಂತಿಟ್ಟು ಲೆಕ್ಕ ಹಾಕಿ. 5 ಡಿಗ್ರಿ ವಾಲಿದರೆ ಮೇಲೆದ್ದ ಕಡೆ ಪಟ್ಟಿ 207 ಮೀಟರ್ ಆಗುತ್ತೆ, ಕೆಳಗಿಳಿದ ಕಡೆ 116. ಒಟ್ಟು 323, ಇರಬೇಕಾದ್ದು 300. ಶೇ. 8ರಷ್ಟು ಹೆಚ್ಚು ನೆಲ ಪುಕ್ಕಟೆ. ಅಡ್ಡಗಾಳಿ ಇರೋ ದಿನ ಹಾರಬೇಡಿ ಅನ್ನೋದು ಬರೀ ಸುರಕ್ಷತೆಗಲ್ಲ.

ಇನ್ನು, ಉದ್ಯಾನದ ಗಡಿ ಅಂಕುಡೊಂಕು ಇರೋದರಿಂದ ಒಂದು ಗೆರೆ 20 ಕಿ.ಮೀ., ಇನ್ನೊಂದು 70 ಕಿ.ಮೀ. ಇರುತ್ತೆ. ಗೆರೆಗೆ ಸರಾಸರಿ ಇಷ್ಟು ಪ್ರಾಣಿ ಅಂತ ತೆಗೆದರೆ ತಪ್ಪು. ಅದಕ್ಕೇ ಜಾಲಿ (Jolly) ಅನ್ನೋರ 1969ರ ವಿಧಾನ: ಎಲ್ಲ ಗೆರೆಗಳ ಪ್ರಾಣಿ ಕೂಡಿಸಿ, ಎಲ್ಲ ಗೆರೆಗಳ ವಿಸ್ತೀರ್ಣದಿಂದ ಭಾಗಿಸಿ ಅನುಪಾತ ತೆಗೆಯೋದು. ಏರುಪೇರನ್ನೂ ಗೆರೆ ಗೆರೆಗಳ ನಡುವೆ ನೋಡೋದು. ಗೆರೆಗಳ ನಡುವೆ 5 ಕಿ.ಮೀ., ಎರಡೂ ಬದಿ ಸೇರಿ ಪಟ್ಟಿ 300 ಮೀ. ಅಂದರೆ ನೀವು ನೋಡಿದ್ದು ಕಾಡಿನ 6% ಮಾತ್ರ. ಗೆರೆ 2.5 ಕಿ.ಮೀ.ಗೆ ತಂದರೆ 12%, ಇಂಧನ ಹೆಚ್ಚುಕಮ್ಮಿ ದುಪ್ಪಟ್ಟು.

ಲದ್ದಿಲೆಕ್ಕ
ನಮ್ಮಲ್ಲಿ ಬಂಡೀಪುರ, ನಾಗರಹೊಳೆಯಲ್ಲಿ ಇದ್ಯಾವುದೂ ನಡೆಯಲ್ಲ. ಮೇಲಿಂದ ನೋಡಿದರೆ ಮರದ ನೆತ್ತಿ ಬಿಟ್ಟು ಬೇರೇನೂ ಕಾಣಲ್ಲ. 2023ರ ಆನೆ ಗಣತಿ ಮೂರು ದಿನ ನಡೀತು: ಮೊದಲ ದಿನ ಬ್ಲಾಕ್ ಸುತ್ತಿ ನೇರ ಎಣಿಕೆ, ಎರಡನೇ ದಿನ ಗೆರೆ ಹಿಡಿದು ನಡೆದು ಲದ್ದಿ ಎಣಿಕೆ, ಮೂರನೇ ದಿನ ನೀರಿನ ಹೊಂಡದ ಬಳಿ ಕೂತು ಎಣಿಕೆ. ಕರ್ನಾಟಕಕ್ಕೆ 6,395 ಅಂದರು. ಆಫ್ರಿಕಾದಲ್ಲೂ ಮಳೆಕಾಡಿನ ಆನೆಗೆ ಲದ್ದಿಯೇ ಗತಿ, ಗ್ಯಾಬನ್, ಕಾಂಗೋದಲ್ಲಿ ಸೆಸ್ನಾ ಹಾರಿಸಿ ಏನೂ ಸಿಗಲ್ಲ.

ಹುಲ್ಲುಬಯಲು
ಹಾಗಾದರೆ ಆಫ್ರಿಕಾದ ಬಯಲಿನ ಆನೆಗೂ 6% ನೋಡಿ ಹಿಗ್ಗಿಸೋದೇನಾ? ಭಯ ಆಗುತ್ತೆ.

ರೆಕ್ಕೆಪಟ್ಟಿ
ಎರಡೂ ಇದೆ. ಸೆರೆಂಗೆಟಿಯ ಆನೆ, ಕಾಡೆಮ್ಮೆಗೆ ಪೂರ್ಣ ಎಣಿಕೆ ಮಾಡ್ತಾರೆ. ಉದ್ಯಾನವನ್ನು ಬ್ಲಾಕ್ ಮಾಡಿ, ಒಂದೊಂದು ಬ್ಲಾಕಲ್ಲಿ ಸುಮಾರು 1 ಕಿ.ಮೀ. ಅಂತರದ ಗೆರೆ. ಹಿಂಡು ಕಂಡರೆ ಗೆರೆ ಬಿಟ್ಟು ಹೋಗಿ ಸುತ್ತು ಹಾಕಿ, ಹತ್ತಕ್ಕಿಂತ ದೊಡ್ಡದಾದರೆ ಫೋಟೋ ತೆಗೆದು, ಮತ್ತೆ ಗೆರೆಗೆ ಬರಬೇಕು. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ಆನೆಗೆ ಹೆಲಿಕಾಪ್ಟರ್ ಬಳಸ್ತಾರೆ. ಕಾಡೆಮ್ಮೆ ನೂರರ ಲೆಕ್ಕದಲ್ಲಿ ಒತ್ತಿಕೊಂಡು ನಿಲ್ಲೋದರಿಂದ ಮಾದರಿ ವಿಧಾನದಲ್ಲಿ ಪ್ಲಸ್ ಮೈನಸ್ ಅತಿಯಾಗುತ್ತೆ, ಪೂರ್ಣ ಎಣಿಕೆಯೇ ಮೇಲು.

ಕಿರಿಕಿರಿ ಇರೋದು ಬ್ಲಾಕ್ ಗಡಿಯಲ್ಲಿ. ಒಂದೇ ಹಿಂಡನ್ನು ಎರಡು ವಿಮಾನ ಎರಡು ಸಲ ಎಣಿಸಬಹುದು. ಪಕ್ಕದ ಬ್ಲಾಕ್‌ಗೆ ಒಂದು ಗೆರೆ ಹೆಚ್ಚಾಗಿ ಹಾರಿ, ಸಂಜೆ ಎರಡೂ ತಂಡ ಜಿಪಿಎಸ್ ಜಾಗ, ಸಮಯ, ಹಿಂಡಿನ ಗಾತ್ರ ಇಟ್ಟುಕೊಂಡು ಕೂತು "ಈ 84 ನಿಂದೋ ನಂದೋ" ಅಂತ ತೀರ್ಮಾನ ಮಾಡಬೇಕು. ಇದನ್ನ ಅವತ್ತೇ ಮಾಡಬೇಕು. ನಾಳೆಗೆ ಬಿಟ್ಟರೆ ಯಾರಿಗೂ ನೆನಪಿರಲ್ಲ.

ಲೆಕ್ಕಣ್ಣ
ಪೂರ್ಣ ಎಣಿಕೆ ಅಂತ ಹೆಸರು ಮಾತ್ರ. ಪೂರ್ಣ ಯಾವತ್ತೂ ಆಗಲ್ಲ, ಕಮ್ಮಿಯೇ ಬರೋದು. ಎಷ್ಟು ಕಮ್ಮಿ ಅಂತ ಅದೇ ಎಣಿಕೆ ಹೇಳಲ್ಲ.

ರೆಕ್ಕೆಪಟ್ಟಿ
ತಿಳಿಯೋ ದಾರಿ ಇದೆಯಲ್ಲ ಸ್ವಾಮಿ. ಒಂದೇ ಬದಿ ಇಬ್ಬರನ್ನ ಕೂರಿಸಿ, ಒಬ್ಬರದು ಒಬ್ಬರಿಗೆ ಕೇಳಿಸದ ಹಾಗೆ ರೆಕಾರ್ಡ್ ಮಾಡಿಸಿ. ಒಬ್ಬರು 60 ಹಿಂಡು ಕಂಡರು, ಇನ್ನೊಬ್ಬರು 50, ಇಬ್ಬರಿಗೂ ಕಂಡಿದ್ದು 40. ಮೊದಲಿನವರ 60ರಲ್ಲಿ ಎರಡನೆಯವರಿಗೆ ಕಂಡಿದ್ದು 40, ಮೂರರಲ್ಲಿ ಎರಡು ಪಾಲು; ಹಾಗಾದರೆ ಅವರ 50 ಕೂಡ ಒಟ್ಟಿನ ಮೂರರಲ್ಲಿ ಎರಡು ಪಾಲು. 60×50÷40 = 75. ಇಬ್ಬರೂ ಸೇರಿ ನೋಡಿದ್ದು 70, ಇಬ್ಬರ ಕಣ್ಣಿಗೂ ತಪ್ಪಿದ್ದು 5.

ಲೆಕ್ಕಣ್ಣ
ಅದು ಎಲ್ಲ ಹಿಂಡೂ ಒಂದೇ ಥರ ಕಾಣುತ್ತವೆ ಅಂದುಕೊಂಡಾಗ. ಬಯಲಲ್ಲಿರೋ 40ರ ಹಿಂಡು ಇಬ್ಬರಿಗೂ ಕಾಣುತ್ತೆ, ಪೊದೆ ಕೆಳಗಿನ ಒಂಟಿ ಸಲಗ ಇಬ್ಬರಿಗೂ ಕಾಣಲ್ಲ. ಆಗ ನಿಮ್ಮ 75 ಕೂಡ ಕಮ್ಮಿಯೇ. ಹಿಂಡಿನ ಗಾತ್ರ, ಮರದ ದಟ್ಟಣೆ ನೋಡಿ ಬೇರೆ ಬೇರೆ ಲೆಕ್ಕ ಹಾಕಬೇಕು.

ಚಿತ್ರಕಣ
ಅದಕ್ಕೇ ಕಣ್ಣು ಬಿಟ್ಟು ಕ್ಯಾಮೆರಾಗೆ ಬನ್ನಿ ಅನ್ನೋದು. ಕೀನ್ಯಾದ ತ್ಸಾವೋದಲ್ಲಿ 2017ರಲ್ಲೇ ಓರೆಯಾಗಿ ಕಟ್ಟಿದ ಕ್ಯಾಮೆರಾ ಮತ್ತು ಹಿಂದಿನ ಸೀಟಿನವರನ್ನ ಹೋಲಿಸಿ ನೋಡಿದ್ದಾರೆ, ಮನುಷ್ಯರ ಕಣ್ಣಿಗೆ ತಪ್ಪಿದ್ದು ಫೋಟೋದಲ್ಲಿ ಬೇಕಾದಷ್ಟು ಸಿಕ್ಕಿವೆ. ಮೂರು ಗಂಟೆ ಹಾರಿದ ಮೇಲೆ ಯಾರ ಕಣ್ಣಾದರೂ ಸೋಲುತ್ತೆ.

ಲದ್ದಿಲೆಕ್ಕ
ಬದುಕಿರೋದನ್ನೇ ಎಣಿಸ್ತಾ ಕೂತಿದ್ದೀರಿ. ಹೆಣದ ಲೆಕ್ಕ ಯಾರೂ ಎತ್ತಲಿಲ್ಲ. ಆನೆಗೆ ಅದೇ ಮುಖ್ಯ ಸುಳಿವು. ಸತ್ತದ್ದನ್ನು ಸತ್ತದ್ದು ಮತ್ತು ಬದುಕಿರೋದರ ಮೊತ್ತದಿಂದ ಭಾಗಿಸಿ. 88 ಬದುಕಿ 12 ಹೆಣ ಕಂಡರೆ 12%. ಸಾಮಾನ್ಯವಾಗಿ 8% ದಾಟಿದರೆ ಹುಟ್ಟಿಗಿಂತ ಸಾವು ಹೆಚ್ಚು ಅಂತ ಅನುಮಾನಪಡ್ತಾರೆ. ಹೆಣಕ್ಕೂ ನಾಲ್ಕು ದರ್ಜೆ: ಮಾಂಸ ಇರೋದು, ಸುತ್ತ ಹುಲ್ಲು ಸುಟ್ಟಂತೆ ಕಪ್ಪು ಕಲೆ ಇರೋದು, ಕಲೆ ಹೋಗಿ ಬಿಳಿ ಮೂಳೆ ಉಳಿದದ್ದು, ಮೂಳೆ ಬೂದಿಬಣ್ಣಕ್ಕೆ ತಿರುಗಿ ಸೀಳಿದ್ದು. ಮೊದಲ ಎರಡು ಸುಮಾರು ಒಂದು ವರ್ಷದೊಳಗಿನವು, ಈಗಿನ ಬೇಟೆಯ ಕಥೆ ಹೇಳೋದು ಅವೇ.

2014–15ರ ಮಹಾ ಆನೆ ಗಣತಿಯಲ್ಲಿ ಆಫ್ರಿಕಾದ 18 ದೇಶ ಸೇರಿ 3,52,271 ಬಯಲಾನೆ ಸಿಕ್ಕವು. 2007ರಿಂದ 2014ರೊಳಗೆ 30% ಇಳಿದಿದೆ ಅಂತಲೂ ಗೊತ್ತಾಯ್ತು.

ಧಾರವಾಡದ ಗಾಳಿ
2022ರಾಗ ಬೋಟ್ಸ್ವಾನಾ, ಜಿಂಬಾಬ್ವೆ, ಜಾಂಬಿಯಾ, ನಮೀಬಿಯಾ, ಅಂಗೋಲಾ ಕೂಡಿ ಒಂದ ಹೊತ್ತಿನ್ಯಾಗ ಎಣಿಸಿದ್ದು 2,27,900. ಆನಿಗೆ ಪಾಸ್‌ಪೋರ್ಟ್ ಇಲ್ಲ, ದೇಶಕ್ಕೊಂದು ವರ್ಷ ಎಣಿಸಿದ್ರ ಅದ ಆನಿ ಎರಡ್ ಕಡೆ ಹಾಜರಿ ಹಾಕ್ತಾವ.

ಸುಮ್ನೆ ಓದೋನು
ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯೋದು) ಹಾಕಿ ಎಣಿಸಬಾರದಾ? ನಾಗರಹೊಳೆಯಲ್ಲಿ ಹುಲಿಗೆ ಮಾಡ್ತಾರಲ್ಲ.

ಕಿರುಬ
ಹುಲಿಗೆ ಪಟ್ಟೆ ಇದೆ, ಒಂದರಂತೆ ಇನ್ನೊಂದಿಲ್ಲ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಅಲ್ಲಿ ಮಾಡಿದ್ದು ಅದರ ಮೇಲೇ ನಿಂತಿದೆ. ವೈಲ್ಡ್‌ಬೀಸ್ಟ್‌ನಲ್ಲಿ ಒಂದನ್ನೊಂದು ಗುರುತಿಸೋದು ಹೇಗೆ? ಒಂದೇ ಪ್ರಾಣಿ ಕ್ಯಾಮೆರಾ ಮುಂದೆ ಮೇಯ್ತಾ ನಿಂತು ನೂರು ಫೋಟೋ ಕೊಡುತ್ತೆ.

ಸೆರೆಂಗೆಟಿಯಲ್ಲಿ 2010ರಿಂದ 225 ಕ್ಯಾಮೆರಾ 1,125 ಚ.ಕಿ.ಮೀ.ನಲ್ಲಿ ಇಟ್ಟಿದ್ದರು, 5 ಚ.ಕಿ.ಮೀ.ಗೊಂದು. ಅದರಿಂದ ಯಾವ ಪ್ರಾಣಿ ಯಾವಾಗ ಎಲ್ಲಿ ಅನ್ನೋದು ಚೆನ್ನಾಗಿ ತಿಳಿಯುತ್ತೆ, ಒಟ್ಟು ಎಷ್ಟು ಅನ್ನೋದು ತಿಳಿಯಲ್ಲ. ಫೋಟೋಗಳಲ್ಲಿ ಮುಕ್ಕಾಲು ಪಾಲು ಖಾಲಿ: ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದರೂ ಸೆನ್ಸರ್‌ಗೆ ಪ್ರಾಣಿಯೇ. ಮುಂದಿನ ಹುಲ್ಲು ಕೊಯ್ಯದೆ ಇಟ್ಟರೆ ಕಾರ್ಡ್ ತುಂಬೋದು ಅದರಿಂದಲೇ. ಕತ್ತೆಕಿರುಬ ಕಚ್ಚುತ್ತೆ, ಆನೆ ಕಿತ್ತೆಸೆಯುತ್ತೆ, ಉಕ್ಕಿನ ಪೆಟ್ಟಿಗೆ ಬೇಕೇ ಬೇಕು. ಸಿಂಹದ್ದು ಬೇರೆ, ಮೀಸೆ ಬುಡದ ಚುಕ್ಕೆ ಸಾಲಿನಿಂದ ಒಂದೊಂದನ್ನೂ ಗುರುತಿಸಿ ಕಾರ್ಡ್ ಇಡ್ತಾರೆ.

ಹುಲ್ಲುಬಯಲು
ಇಷ್ಟೆಲ್ಲ ಆಯ್ತು, ನನ್ನ 6 ಲಕ್ಷ ಎಲ್ಲಿ ಬಿಟ್ರಿ?

ಚಿತ್ರಕಣ
ಬಂದೆ. ಆ ಉಪಗ್ರಹ ಚಿತ್ರಗಳಲ್ಲಿ ಒಂದು ಚುಕ್ಕೆ (ಪಿಕ್ಸೆಲ್) ಅಂದರೆ ನೆಲದ ಮೇಲೆ ಹೆಚ್ಚುಕಮ್ಮಿ ಅರ್ಧ ಮೀಟರ್. 2 ಮೀಟರ್ ಉದ್ದದ ಪ್ರಾಣಿ ಅಂದರೆ ನಾಲ್ಕೈದು ಚುಕ್ಕೆ ಉದ್ದ, ಒಂದೆರಡು ಚುಕ್ಕೆ ಅಗಲದ ಕಪ್ಪು ಗುರುತು. ಗೆದ್ದಲಹುತ್ತ, ಪೊದೆ, ನೆರಳು ಎಲ್ಲ ಹಾಗೇ ಕಾಣುತ್ತವೆ. ಅದಕ್ಕೆ ಮನುಷ್ಯರೇ ಸಾವಿರಾರು ಪ್ರಾಣಿ ಗುರುತು ಹಾಕಿ ಕಂಪ್ಯೂಟರ್‌ಗೆ ಕಲಿಸಬೇಕು. ಒಂದು ಬಯಲಲ್ಲಿ ಕಲಿತದ್ದು ಬೇರೆ ಬಣ್ಣದ ಮಣ್ಣಲ್ಲಿ ಎಡವುತ್ತೆ.

ಆದರೂ ಹಿಗ್ಗಿಸೋ ಗೋಜಿಲ್ಲ, ಸಾವಿರಾರು ಚ.ಕಿ.ಮೀ. ಒಟ್ಟಿಗೆ ಸಿಗುತ್ತೆ, ಫೋಟೋ ಉಳಿಯುತ್ತೆ. ಯಾರು ಬೇಕಾದರೂ ಮತ್ತೆ ಎಣಿಸಬಹುದು. ನಿಮ್ಮ ಹಿಂದಿನ ಸೀಟಿನವರು ಕಂಡದ್ದನ್ನ ಮತ್ತೆ ಎಣಿಸೋಕಾಗುತ್ತಾ?

ರೆಕ್ಕೆಪಟ್ಟಿ
ವೈಲ್ಡ್‌ಬೀಸ್ಟ್‌ಗೆ ನಾವೂ ಫೋಟೋನೇ ತೆಗೆಯೋದು, ಆ ಮಾತು ಬಿಡಿ. ಪ್ರಶ್ನೆ ಕಾಲದ್ದು. ಆ ಉಪಗ್ರಹ ಚಿತ್ರಗಳು ಒಣಗಾಲದವು, ಆಗ ಮಂದೆ ಉತ್ತರದಲ್ಲಿರುತ್ತೆ. ಅಲ್ಲಿ ಮರ ಇದೆ, ನದಿ ದಂಡೆಯ ಕಾಡಿದೆ. ಬಿಸಿಲೇರಿದ ಮೇಲೆ ಪ್ರಾಣಿ ನೆರಳಿಗೆ ಹೋಗುತ್ತೆ, ಉಪಗ್ರಹ ಹಾದುಹೋಗೋದೇ ಹತ್ತೂವರೆ ಹೊತ್ತಿಗೆ.

ಚಿತ್ರಕಣ
ಒಪ್ಪಿದೆ, ಸ್ವಲ್ಪ ಮರೆಯಾಗಿರುತ್ತವೆ. ಆದರೆ 13 ಲಕ್ಷ ನಿಜ ಆಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಮಂದೆ ಮರದಡಿ ಅಥವಾ ಚಿತ್ರದ ಆಚೆ ಇರಬೇಕು. ಅಷ್ಟಾ? ಎಣಿಸಿದವರೂ ಮಂದೆ ಕುಸಿದೇಹೋಯ್ತು ಅಂದಿಲ್ಲ, 13 ಲಕ್ಷವನ್ನ ಮತ್ತೆ ಪರೀಕ್ಷಿಸಬೇಕು ಅನ್ನೋದು ವಾದ.

ಕಿರುಬ
ಕರುಗಳನ್ನೂ ಮರೀಬೇಡಿ. ಫೆಬ್ರವರಿ ಸುಮಾರಿಗೆ ಎರಡು ಮೂರು ವಾರದಲ್ಲಿ ಶೇ. 80ರಷ್ಟು ಕರು ಹುಟ್ಟುತ್ತವೆ. ಗಣತಿ ಆ ವಾರಗಳ ಮುಂಚೆ ಮಾಡಿದರೆ ಒಂದು ಸಂಖ್ಯೆ, ಆಮೇಲೆ ಮಾಡಿದರೆ ಇನ್ನೊಂದು. ಕರು ತಾಯಿಗೆ ಅಂಟಿಕೊಂಡೇ ಓಡೋದರಿಂದ ಮೇಲಿನಿಂದ ಎರಡೂ ಒಂದೇ ಮುದ್ದೆ. ಕರು ಸೇರಿಸಿದ್ದೀರೋ ಬಿಟ್ಟಿದ್ದೀರೋ ಅಂತ ಬರೆಯದ ವರದಿಯನ್ನ ಹೋಲಿಕೆಗೆ ತರಬಾರದು.

ಕರಾವಳಿ ಕಾಗೆ
ಹಾಗಾದ್ರೆ ಫೆಬ್ರವರಿಯಲ್ಲಿ ಒಂದೇ ದಿನ ವಿಮಾನವೂ ಹಾರಲಿ, ಉಪಗ್ರಹವೂ ನೋಡಲಿ. ಜಗಳ ಮುಗೀತಲ್ವಾ?

ಚಿತ್ರಕಣ
ಅದೇ ಸರಿ, ಆದರೆ ಫೆಬ್ರವರಿ ಮಳೆಯ ಕಾಲ, ಮೋಡ. ದೊಡ್ಡ ಚಿತ್ರದ ಮಧ್ಯೆ ನಾಲ್ಕು ಮೋಡ, ಅದರ ನೆರಳು ಬೇರೆ. ಅಂಥ ಕಡೆ ಮೋಡದ ಕೆಳಗೆ ಹಾರಿದ ವಿಮಾನದ ಫೋಟೋ ಹಾಕಿ ತುಂಬಬಹುದು. ಎರಡೂ ಕಂಡ ತುಂಡುಗಳಲ್ಲಿ ಒಂದಕ್ಕೊಂದು ತಾಳೆ ನೋಡಬಹುದು.

ಹುಲ್ಲುಬಯಲು
ರೇಡಿಯೋ ಕಾಲರ್ ಹಾಕಿದ ಪ್ರಾಣಿಗಳಿಂದ ಪ್ರಯೋಜನ ಇಲ್ವಾ? ಫೋಟೋ ತೆಗೆದ ಹೊತ್ತಿಗೆ ಅವು ಎಲ್ಲಿದ್ದವು ಅಂತ ನೋಡಿದರೆ ಎಷ್ಟು ಪಾಲು ಮರದಡಿ ಅಂತ ಗೊತ್ತಾಗಬೇಕಲ್ಲ.

ಲೆಕ್ಕಣ್ಣ
ಒಳ್ಳೇ ಪ್ರಶ್ನೆ, ಇದನ್ನ ಮೊದಲೇ ಕೇಳಬೇಕಿತ್ತು. ಚಿತ್ರದ ಗಡಿಯ ಆಚೆ ಇರೋದಕ್ಕೂ ಮರದಡಿ ಇರೋದಕ್ಕೂ ಇದೇ ಲೆಕ್ಕ. 20 ಕಾಲರ್‌ನಲ್ಲಿ 3 ಮರದಡಿ ಇದ್ದವು ಅಂದ್ಕೊಳ್ಳಿ, 15%. ಆದರೆ 20 ಸಣ್ಣ ಸಂಖ್ಯೆ, ನಿಜ 3%ನಿಂದ 38%ವರೆಗೆ ಎಲ್ಲಿ ಬೇಕಾದರೂ ಇರಬಹುದು. 200 ಕಾಲರ್ ಇದ್ದು 30 ಮರದಡಿ ಸಿಕ್ಕಿದರೆ ಮಾತಾಡೋಣ. ಅದೂ ಒಂದೇ ಹಿಂಡಿನ ಪ್ರಾಣಿಗಳಿಗೆ ಹಾಕಿದರೆ ಲೆಕ್ಕಕ್ಕಿಲ್ಲ, ಬೇರೆ ಬೇರೆ ಹಿಂಡಿಗೆ ಹಂಚಬೇಕು.

ಧಾರವಾಡದ ಗಾಳಿ
200 ಕಾಲರ್! ಬ್ಯಾಟರಿ ಬದಲಿಸಾಕ ನಿಮ್ಮನ್ನ ಕಳಸ್ತೇವಿ, ಹೋಗಿ ಬರ್ರಿ.